ಗೋವಾದ ಧಕ್ಕೆಗಳಿಗೆ ಸಂಖ್ಯೆ ಬರೆಯಿರಿ

ಸೈಕಲ್ ಸವಾರರು ಹೆಚ್ಚಾಗಿ ನೆಚ್ಚಿಕೊಳ್ಳುವ ನಕ್ಷೆಗಳಲ್ಲಿ ನೀಲಿ ಬಣ್ಣಕ್ಕೆ ಒಂದೇ ಅರ್ಥವಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ರೂಪವನ್ನು ತೆರೆದರೆ, ತೆಳುವಾದ ನೀಲಿ ತುಂಡುಗೆರೆ ಎಂದರೆ ಸೈಕಲ್ಲಿಗಾಗಿಯೇ ನೆಲದ ಮೇಲೆ ಕಟ್ಟಿರುವ ದಾರಿ. ಅದೇ ನಕ್ಷೆಯಲ್ಲಿ ನದಿಯ ಮೇಲೆ ಹಾಯುವ ನೀಲಿ ತುಂಡುಗೆರೆ ಫೆರಿಯದು. ಅದೇ ಮಾಹಿತಿಯಿಂದ ತಯಾರಾಗುವ ಓಪನ್‌ಸೈಕಲ್‌ಮ್ಯಾಪ್‌ಗೆ ಬಂದರೆ, ಡಾಂಬರು ರಸ್ತೆಯ ಉದ್ದಕ್ಕೂ ಬಳಿದಂತೆ ಕಾಣುವ ನೀಲಿ ಪಟ್ಟಿ 'ಸ್ಥಳೀಯ ಸೈಕಲ್ ಮಾರ್ಗ'. ಅಲ್ಲಿ ಪ್ರತ್ಯೇಕ ದಾರಿ ಇರಬೇಕೆಂದಿಲ್ಲ, ಅಂಚಿನಲ್ಲಿ ಬಿಳಿಗೆರೆಯೂ ಇರಬೇಕೆಂದಿಲ್ಲ. ಆ ರಸ್ತೆಯನ್ನು ಯಾರೋ ಒಂದು ಮಾರ್ಗದ ಪಟ್ಟಿಗೆ ಸೇರಿಸಿದ್ದಾರೆ, ಅಷ್ಟೇ. ಮೊದಲನೆಯ ನೀಲಿ ಕಟ್ಟಡ ಕಾಮಗಾರಿಯ ಸುದ್ದಿ, ಎರಡನೆಯದು ಸಾರಿಗೆಯ ಸುದ್ದಿ, ಮೂರನೆಯದು ಒಬ್ಬರ ಶಿಫಾರಸು. ಮೂರನ್ನೂ ಒಂದೇ ಎಂದುಕೊಂಡವರು ಬೇರೆಡೆ ಸ್ವಲ್ಪ ಸುತ್ತಿ ಮನೆ ಸೇರಬಹುದು. ಹತ್ತಾರು ಕಿಲೋಮೀಟರಿಗೊಂದು ಹೊಳೆ ಅಡ್ಡ ಬರುವ ಗೋವಾದಲ್ಲಿ ಅವರು ಸಂಜೆ ಕತ್ತಲಲ್ಲಿ ಫೆರಿ ಇಲ್ಲದ ಧಕ್ಕೆಯ ಮೇಲೆ ನಿಲ್ಲಬೇಕಾಗುತ್ತದೆ.

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು, ಹುಬ್ಬಳ್ಳಿಯಿಂದ ಅನಮೋಡದ ಮೇಲೆ ಹಾದು, ಕಾರವಾರದಿಂದ ಕಾಳಿ ಸೇತುವೆ ದಾಟಿ ಗೋವಾಕ್ಕೆ ಸೈಕಲ್ ತುಳಿಯುವ ಕನ್ನಡಿಗರಿದ್ದಾರೆ. ವಾಸ್ಕೋದ ಬೈನಾ, ಜುವಾರಿನಗರಗಳಲ್ಲಿ ನೆಲೆಸಿ ಕೆಲಸಕ್ಕೆ ಸೈಕಲ್ ಹಿಡಿಯುವ ಉತ್ತರ ಕರ್ನಾಟಕದವರೂ ಇದ್ದಾರೆ. ಹಾಗಾಗಿ ಗೋವಾದ ಸೈಕಲ್ ನಕ್ಷೆ ಹೇಗಿರಬೇಕೆಂಬ ಪ್ರಶ್ನೆ ನಮಗೆ ನೆರೆಮನೆಯ ಮಾತಲ್ಲ. ಪಟ್ಟಣಕ್ಕೊಂದು 'ಸೈಕಲ್ ಟ್ರೇಲ್' ಎಂದು ಹೆಸರಿಟ್ಟು, ಬಣ್ಣ ಕೊಟ್ಟು, ಮಾರ್ಗ ಒಂದು, ಮಾರ್ಗ ಎರಡು ಎಂದು ಎಣಿಸುವ ಆಸೆ ಎಲ್ಲ ಪ್ರವಾಸಿ ಊರುಗಳಿಗೂ ಬರುತ್ತದೆ. ಗೋವಾ ಆ ಆಸೆಯನ್ನು ಬಿಡಬೇಕು. ಆ ನಾಡಿನಲ್ಲಿ ಸಂಖ್ಯೆ ಹೊತ್ತು ನಿಲ್ಲಬೇಕಾದವು ಮಾರ್ಗಗಳು ಕೂಡುವ ಜಾಗಗಳು, ಎಲ್ಲಕ್ಕಿಂತ ಮೊದಲು ಫೆರಿಯ ಧಕ್ಕೆಗಳು.

ಕಾರಣ ಹೇಳಬೇಕಾದರೆ ಮಾರ್ಗದ ಮೇಲಿನ ಗುರುತು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದರಿಂದ ಹೊರಡಬೇಕು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ರಸ್ತೆ ಎಳೆಯಬಹುದು, ತಿದ್ದಬಹುದು. ಸೈಕಲ್ ಮಾರ್ಗಗಳಿಗೆ ಅಲ್ಲಿ ನಾಲ್ಕು ಅಂತಸ್ತು: ಅಂತರರಾಷ್ಟ್ರೀಯ, ರಾಷ್ಟ್ರೀಯ, ಪ್ರಾದೇಶಿಕ, ಸ್ಥಳೀಯ. ಓಪನ್‌ಸೈಕಲ್‌ಮ್ಯಾಪ್‌ನಲ್ಲಿ ರಾಷ್ಟ್ರೀಯ ಮಾರ್ಗ ಕೆಂಪು, ಪ್ರಾದೇಶಿಕ ನೇರಳೆ, ಸ್ಥಳೀಯ ನೀಲಿ. ಅಂದರೆ ಬಣ್ಣ ಹೇಳುವುದು ಮಾರ್ಗದ ಅಂತಸ್ತನ್ನು, ರಸ್ತೆಯ ಗುಣವನ್ನಲ್ಲ. ಕೆಂಪು ಪಟ್ಟಿಯ ಕೆಳಗೆ ಲಾರಿಗಳು ನುಗ್ಗುವ ಹೆದ್ದಾರಿ ಇರಬಹುದು, ಏನೂ ಬಣ್ಣವಿಲ್ಲದ ಬಿಳಿಗೆರೆಯ ಕೆಳಗೆ ತೆಂಗಿನ ನೆರಳಿನ ನುಣುಪಾದ ಹಳ್ಳಿ ರಸ್ತೆ ಇರಬಹುದು. ಸವಾರನಿಗೆ ಬೇಕಾದ ಸಂಗತಿಗಳು ಮೂರು: ಇದು ಯಾವ ದಾರಿ, ಇದರ ನೆಲ ಹೇಗಿದೆ, ಇಲ್ಲಿ ಸೈಕಲ್ ತುಳಿಯಲು ಅನುಮತಿ ಇದೆಯೇ. ನಕ್ಷೆಯ ಒಳಗೆ ಈ ಮೂರೂ ಬೇರೆಬೇರೆ ಕಡೆ ದಾಖಲಾಗಿರುತ್ತವೆ. ಮಾರ್ಗದ ಸಂಖ್ಯೆ ಮತ್ತು ಬಣ್ಣ ಮೊದಲನೆಯದಕ್ಕೆ ಮಾತ್ರ ಉತ್ತರ. ಕಣ್ಣು ಮಾತ್ರ ಮೂರಕ್ಕೂ ಅಲ್ಲೇ ಉತ್ತರ ಸಿಕ್ಕಿತೆಂದು ತಿಳಿದುಬಿಡುತ್ತದೆ.

ಮಾರ್ಗಕ್ಕೆ ಸಂಖ್ಯೆ ಕೊಡುವುದನ್ನು ಅತ್ಯಂತ ಶ್ರದ್ಧೆಯಿಂದ ಮಾಡಿದ ದೇಶಗಳಲ್ಲಿ ಬ್ರಿಟನ್ ಒಂದು. ಸಸ್ಟ್ರಾನ್ಸ್ ಎಂಬ ಸೇವಾಸಂಸ್ಥೆ 1995ರಲ್ಲಿ ಲಾಟರಿ ನಿಧಿಯ ಹಣ ಪಡೆದು ರಾಷ್ಟ್ರೀಯ ಸೈಕಲ್ ಜಾಲವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. ನೀಲಿ ಫಲಕದ ಮೇಲೆ ಕೆಂಪು ಚೌಕದಲ್ಲಿ ಸಂಖ್ಯೆ ಇದ್ದರೆ ರಾಷ್ಟ್ರೀಯ ಮಾರ್ಗ. ಸಂಖ್ಯೆಯ ಸುತ್ತ ಕಂಸ ಇದ್ದರೆ ನೀವಿನ್ನೂ ಆ ಮಾರ್ಗದ ಮೇಲಿಲ್ಲ, ಅದರ ಕಡೆಗೆ ಹೋಗುತ್ತಿದ್ದೀರಿ ಎಂದರ್ಥ. ಇಷ್ಟು ನಾಜೂಕಾದ ಏರ್ಪಾಡು ಅದು. ಆದರೂ 2018ರಲ್ಲಿ ಅದೇ ಸಂಸ್ಥೆ ತನ್ನ ಜಾಲವನ್ನು ತಾನೇ ಪರಿಶೀಲಿಸಿದಾಗ ಅರ್ಧಕ್ಕೆ ಹತ್ತಿರದ ಭಾಗ ಕಳಪೆ ದರ್ಜೆಯದೆಂದು ಒಪ್ಪಿಕೊಳ್ಳಬೇಕಾಯಿತು. 2020ರಲ್ಲಿ ಸುಮಾರು ಕಾಲು ಭಾಗವನ್ನು ಜಾಲದಿಂದಲೇ ಕೈಬಿಟ್ಟಿತು; ವಾಹನ ದಟ್ಟಣೆಯ ಆ ರಸ್ತೆಗಳು ಎಲ್ಲ ಬಗೆಯ ಸವಾರರಿಗೂ ತಕ್ಕವಲ್ಲ ಎಂಬುದು ಅದು ಕೊಟ್ಟ ಕಾರಣ. ಮಾರ್ಗವೊಂದು ಪೂರ್ತಿ ಅನ್ನಿಸಿಕೊಳ್ಳಬೇಕಾದರೆ ಈ ತುದಿಯಿಂದ ಆ ತುದಿಗೆ ಮುಟ್ಟಲೇಬೇಕು. ಒಳ್ಳೆಯ ದಾರಿ ಸಿಗದ ಕಡೆ ಕೆಟ್ಟ ರಸ್ತೆಯನ್ನೇ ತೇಪೆ ಹಾಕಿ ಅದೇ ಸಂಖ್ಯೆ, ಅದೇ ಬಣ್ಣ ಕೊಟ್ಟುಬಿಡುವ ಒತ್ತಡ ಆ ಪದ್ಧತಿಯಲ್ಲೇ ಅಡಗಿದೆ. ಹಣ, ಅನುಭವ, ಸ್ವಯಂಸೇವಕರು ಎಲ್ಲ ಇದ್ದ ಸಂಸ್ಥೆಯೇ ಆ ಒತ್ತಡಕ್ಕೆ ಮಣಿಯಿತು.

ಈಗ ಗೋವಾ. ಮಾಂಡೋವಿಯ ಮೇಲಿನ ಅಟಲ್ ಸೇತು 2019ರ ಜನವರಿಯಲ್ಲಿ ತೆರೆದುಕೊಂಡಿತು. ಐದು ಕಿಲೋಮೀಟರಿಗೂ ಉದ್ದದ, ಹೊಳೆಯ ನಡುವೆ ಹಳದಿ ಕೇಬಲ್ಲುಗಳಿಂದ ತೂಗಿದ ಸೇತುವೆ. ಅದರ ಮೇಲೆ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಕ್ಷೆಯಲ್ಲೋ ಪಣಜಿಯಿಂದ ಪರ್ವರಿ ಕಡೆಗೆ ಹೋಗುವ ಗೆರೆಗಳಲ್ಲಿ ಎಲ್ಲಕ್ಕಿಂತ ಎದ್ದು ಕಾಣುವುದು, ನೆಟ್ಟಗೆ ಇರುವುದು ಅದೇ. ಪಕ್ಕದ ಹಳೆಯ ಸೇತುವೆಗಳು ಅದರ ನೆರಳಿನಲ್ಲಿ ಒಂದರ ಮೇಲೊಂದು ಬಿದ್ದ ಗೆರೆಗಳಂತೆ ಕಾಣುತ್ತವೆ. ಅನುಮತಿಯ ಸಂಗತಿಯನ್ನು ಯಾರಾದರೂ ನಮೂದಿಸಿದ್ದರೆ, ಅದನ್ನು ನಕ್ಷೆ ತೋರಿಸುವಂತಿದ್ದರೆ, ಸವಾರ ಅದನ್ನು ಓದಿಕೊಂಡಿದ್ದರೆ ಮಾತ್ರ ಸರಿಯಾದ ಸೇತುವೆ ಸಿಗುತ್ತದೆ. ನಮ್ಮಲ್ಲೂ ಇದೇ ಕಥೆ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ನಿಷೇಧ, ಗೆರೆಯ ಬಣ್ಣವಂತೂ ಒಂದು ದಿನದಲ್ಲಿ ಬದಲಾಗಲಿಲ್ಲ. ರಸ್ತೆಬದಿಯ ಫಲಕಗಳೂ ಓದುವವರಿಗಷ್ಟೇ ಹೇಳುತ್ತವೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯ ಪ್ರಕಾರ ಕೆಂಪು ಅಂಚಿನ ವೃತ್ತದಲ್ಲಿ ಅಡ್ಡಗೆರೆ ಎಳೆದ ಸೈಕಲ್ ಇದ್ದರೆ ನಿಷೇಧ. ನೀಲಿ ವೃತ್ತದಲ್ಲಿ ಬಿಳಿ ಸೈಕಲ್ ಇದ್ದರೆ ಆ ದಾರಿ ಸೈಕಲ್ಲಿಗೇ ಕಡ್ಡಾಯ. ತ್ರಿಕೋನದಲ್ಲಿದ್ದರೆ ಮುಂದೆ ಸೈಕಲ್ಲುಗಳು ರಸ್ತೆ ದಾಟುತ್ತವೆ ಎಂದು ಮೋಟಾರಿನವರಿಗೆ ಎಚ್ಚರಿಕೆ. ಒಂದೇ ಚಿತ್ರ, ಚೌಕಟ್ಟು ಬದಲಾದರೆ ಕಾನೂನೇ ಬದಲು. ಚಾಲನಾ ಪರವಾನಗಿ ಬೇಡವಾದ್ದರಿಂದ ಸೈಕಲ್ ಸವಾರರಿಗೆ ಇದನ್ನು ಯಾರೂ ಕಲಿಸುವುದಿಲ್ಲ.

ಹೆದ್ದಾರಿಗಳ ಸಂಖ್ಯೆಯೂ ನಂಬಿಕೊಳ್ಳುವಂತಿಲ್ಲ. 2010ರಲ್ಲಿ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಬಂದಾಗ ಕರಾವಳಿಯ 17 ಹೋಗಿ 66 ಆಯಿತು, ಬೆಳಗಾವಿ–ಪಣಜಿಯ 4ಎ ಹೋಗಿ 748 ಆಯಿತು. ಊರಿನವರ ಬಾಯಲ್ಲಿ ಹಳೆಯದೇ ಇನ್ನೂ ಓಡಾಡುತ್ತದೆ. ಊರಿನ ಹೆಸರುಗಳ ಪಾಡು ಇದಕ್ಕಿಂತ ಕಷ್ಟ. ಪೋರ್ಚುಗೀಸರ ಕಾಲದ ಕಾಗುಣಿತ ಒಂದು, ಕೊಂಕಣಿಯದು ಇನ್ನೊಂದು. ಕೇರಿ ಎಂಬ ಹೆಸರಂತೂ ಗೋವಾದಲ್ಲಿ ಮೂರು ಕಡೆ ಇದೆ: ತೆರೆಖೋಲಕ್ಕೆ ಫೆರಿ ಹತ್ತುವ ಪೆಡ್ಣೆ ತಾಲ್ಲೂಕಿನ ಕೇರಿ, ಚೋರ್ಲಾ ಘಾಟಿನ ಬುಡದಲ್ಲಿರುವ ಸತ್ತರಿಯ ಕೇರಿ, ಫೋಂಡಾ ತಾಲ್ಲೂಕಿನ ಕೇರಿ. ಒಂದು ಸಮುದ್ರದಂಡೆ, ಇನ್ನೊಂದು ಘಟ್ಟದ ಅಡಿ. ಬೆಳಗಾವಿಯಿಂದ ಇಳಿದು ಬಂದವನು ಮೊಬೈಲಿನಲ್ಲಿ ತಪ್ಪು ಕೇರಿಯನ್ನು ಒತ್ತಿದರೆ ಇಡೀ ರಾಜ್ಯವನ್ನೇ ಅಡ್ಡ ಹಾಯಬೇಕು.

ನೆಲದ ಗುಣಕ್ಕೆ ಬರೋಣ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಾಮಾನ್ಯ ರೂಪದಲ್ಲಿ ಕಂದು ತುಂಡುಗೆರೆ ಎಂದರೆ ಗಾಡಿದಾರಿ. ಅದಕ್ಕೆ ಐದು ದರ್ಜೆ. ಗಟ್ಟಿ ನೆಲದ್ದಾದರೆ ಗೆರೆ ಕಡಿಯದೆ ಸಾಗುತ್ತದೆ. ನೆಲ ಮೆತ್ತಗಾದಷ್ಟೂ ತುಂಡುಗಳು ಗಿಡ್ಡವಾಗುತ್ತ ಹೋಗುತ್ತವೆ. ಇದೊಂದು ಒಳ್ಳೆಯ ಸಂಕೇತ, ಗೊತ್ತಿದ್ದವರಿಗೆ. ಆದರೆ ದರ್ಜೆಯನ್ನು ನಮೂದಿಸಿದವರು ಯಾವ ತಿಂಗಳಲ್ಲಿ ನೋಡಿದರು ಎಂಬುದನ್ನು ಗೆರೆ ಹೇಳಲಾರದು, ಗೋವಾದಲ್ಲಿ ಉಳಿದೆಲ್ಲಕ್ಕಿಂತ ಮುಖ್ಯವಾದದ್ದು ಅದೇ. ಕುಮಟಾದ ಅಘನಾಶಿನಿ ದಂಡೆಯಲ್ಲಿ ನಾವು ಗಜನಿ ಎನ್ನುವ ಉಪ್ಪುನೀರಿನ ಗದ್ದೆಗಳನ್ನು ಗೋವಾದಲ್ಲಿ ಖಾಜನ್ ಎನ್ನುತ್ತಾರೆ. ಸುಮಾರು 18,000 ಹೆಕ್ಟೇರ್ ಇವೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಹೊಳೆಯ ಉಬ್ಬರದ ನೀರು ಒಳನುಗ್ಗದಂತೆ ಕಟ್ಟಿದ ಬದುಗಳು, ನೀರು ಬಿಡಲು ತೂಬುಗಳು, ಬದುವಿನ ನೆತ್ತಿಯ ಮೇಲೆ ಒಂದು ಮಣ್ಣಿನ ದಾರಿ. ಜನವರಿಯಲ್ಲಿ ಆ ದಾರಿಯ ಮೇಲೆ ಸೈಕಲ್ ಬಿಡುವುದು ಸುಖ. ಆಷಾಢದಲ್ಲಿ ಅದೇ ದಾರಿ ಕೆಸರು, ಜಾರು, ಕೆಲವೆಡೆ ನೀರಿನಡಿ. ಎರಡು ಕಾಲಕ್ಕೂ ಗೆರೆ ಒಂದೇ. ಇನ್ನು ಡಿಚೋಲಿ, ಸತ್ತರಿ, ಸಾಂಗೆಯ ಗಣಿ ಸೀಮೆಯಲ್ಲಿ ನಕ್ಷೆಯ ಗೆರೆ ಕೋರ್ಟಿನ ಆದೇಶಗಳ ಜೊತೆ ಬದಲಾಗಬೇಕಿತ್ತು. 2012ರಲ್ಲಿ ಗಣಿಗಾರಿಕೆ ನಿಂತಿತು, ಮತ್ತೆ ಶುರುವಾಯಿತು, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳ ನವೀಕರಣವನ್ನು ರದ್ದುಮಾಡಿತು. ಅದಿರು ಲಾರಿಗಳ ಸಾಲು ಸಾಗುತ್ತಿದ್ದ ರಸ್ತೆ ಒಂದು ವರ್ಷ ಖಾಲಿ, ಇನ್ನೊಂದು ವರ್ಷ ದೂಳು. ಅದನ್ನೆಲ್ಲ ಒಂದು ಖಾಯಂ ಬಣ್ಣದಲ್ಲಿ ಹಿಡಿದಿಡಲು ಹೋಗುವುದೇ ತಪ್ಪು.

ಏರಿಳಿತದ ಗುರುತುಗಳು ಇನ್ನೂ ಮೋಜಿನವು. ರಸ್ತೆಯ ಮೇಲೆ ಬಾಣದ ತುದಿಯಂಥ ಗುರುತು ಇದ್ದರೆ ಕಡಿದಾದ ಏರು ಎಂದು ತಿಳಿಯುವುದು ಸರಿ, ಆದರೆ ಏರು ಯಾವ ಕಡೆಗೆ? ಫ್ರಾನ್ಸಿನ ಮಿಶೆಲಿನ್ ನಕ್ಷೆಯಲ್ಲಿ ಬಾಣ ಏರುವ ದಿಕ್ಕನ್ನು ತೋರಿಸುತ್ತದೆ, ಬ್ರಿಟನ್ನಿನ ಆರ್ಡ್‌ನೆನ್ಸ್ ಸರ್ವೇ ನಕ್ಷೆಯಲ್ಲಿ ಇಳಿಯುವ ದಿಕ್ಕನ್ನು. ಎರಡೂ ಪ್ರತಿಷ್ಠಿತ ಸಂಸ್ಥೆಗಳೇ. ಸಂಕೇತ ಸೂಚಿಯನ್ನು ಓದದೆ ಚಿಹ್ನೆಯನ್ನು ಊಹಿಸಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಗೋವಾದ ಸವಾರರಿಗೆ ಸಿಗುವುದು ಹೆಚ್ಚಾಗಿ ಸಮೋನ್ನತಿ ರೇಖೆಗಳು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟಿನಲ್ಲಿ ಅವು 20 ಮೀಟರಿಗೊಂದು. ಪಣಜಿಯ ಆಲ್ತಿನೋದಂಥ ಗುಡ್ಡ ನಾಲ್ಕಾರು ರೇಖೆಗಳಲ್ಲಿ ಮುಗಿದುಹೋಗುತ್ತದೆ. ನಕ್ಷೆಯಲ್ಲಿ ಬೆರಳಿನಗಲ, ತುಳಿಯುವವನ ತೊಡೆಗೆ ಮಾತ್ರ ಬೇರೆಯೇ ಲೆಕ್ಕ. ಹಲವು ಮೊಬೈಲ್ ನಕ್ಷೆಗಳ ಎತ್ತರದ ಮಾಹಿತಿಗೆ ಮೂಲ 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಹಾರಿ ರೇಡಾರಿನಿಂದ ಅಳೆದ ಅಂಕಿಗಳು. ಆ ರೇಡಾರು ದಟ್ಟ ಕಾಡಿನಲ್ಲಿ ನೆಲಕ್ಕಿಂತ ಹೆಚ್ಚಾಗಿ ಮರದ ಹಂದರವನ್ನು ಮುಟ್ಟಿ ಹಿಂದಿರುಗಿತ್ತು. ಸುಮಾರು 800 ಮೀಟರ್ ಎತ್ತರದ ಚೋರ್ಲಾಕ್ಕೆ ಹತ್ತುವಾಗ ಪರದೆಯ ಮೇಲೆ ಇಲ್ಲದ ಏರಿಳಿತಗಳು ಮೂಡಿದರೆ ಅಚ್ಚರಿಪಡಬೇಕಿಲ್ಲ.

ಇಷ್ಟಾದ ಮೇಲೂ ಮಾರ್ಗಗಳನ್ನು ಎಳೆದೇ ತೀರುತ್ತೇವೆ ಎನ್ನುವವರು ಯಾರ ಸವಾರಿಯನ್ನು ನೋಡಿ ಎಳೆಯುತ್ತಾರೆ? ಸುಲಭಕ್ಕೆ ಸಿಗುವುದು ಆ್ಯಪ್‌ಗಳ ದಾಖಲೆ. ಸ್ಟ್ರಾವಾ ಕಂಪನಿ 2017ರಲ್ಲಿ ಪ್ರಕಟಿಸಿದ ಜಾಗತಿಕ ತಾಪನಕ್ಷೆಯಲ್ಲಿ ನೂರು ಕೋಟಿ ಸವಾರಿ, ಓಟ, ಈಜುಗಳ ಜಾಡು ಸೇರಿತ್ತು. ಹೆಚ್ಚು ಜನ ಹೋದ ರಸ್ತೆ ಹೆಚ್ಚು ಹೊಳೆಯುತ್ತದೆ. ಆದರೆ ಹೊಳೆಯುವುದು ಆ ಆ್ಯಪ್ ಹಾಕಿಕೊಂಡವರ ಜಾಡು ಮಾತ್ರ. ಬೆಳಗಿನ ಜಾವಕ್ಕೊಮ್ಮೆ, ಸಂಜೆಗೊಮ್ಮೆ ರಬ್ಬರು ಹಾರ್ನ್ ಒತ್ತುತ್ತ ಬುಟ್ಟಿಯ ತುಂಬ ಪಾವ್, ಪೊಯಿ ತುಂಬಿಕೊಂಡು ವಾಡೆಯಿಂದ ವಾಡೆಗೆ ತುಳಿಯುವ ಪೊದೇರ್, ಅಂದರೆ ಬ್ರೆಡ್ ಮಾರುವವನು, ಗೋವಾದ ಅತಿ ನಿಯಮಿತ ಸೈಕಲ್ ಸವಾರ. ಇವತ್ತು ಆ ಕೆಲಸದಲ್ಲಿ ಕರ್ನಾಟಕದಿಂದ ಹೋದವರೂ ಇದ್ದಾರೆ. ಅವನ ದಾರಿ ಯಾವ ತಾಪನಕ್ಷೆಯಲ್ಲೂ ಮಿನುಗುವುದಿಲ್ಲ. ಕಟ್ಟಡದ ಕೆಲಸಕ್ಕೆ ಹೋಗುವವನದೂ ಅಷ್ಟೇ. ಇನ್ನೊಂದು ತುದಿಯಲ್ಲಿ, 2019ರ ಅಕ್ಟೋಬರಿನಲ್ಲಿ ಪಣಜಿಯಲ್ಲಿ ಮೊದಲ ಬಾರಿ ನಡೆದ ಐರನ್‌ಮ್ಯಾನ್ 70.3 ಸ್ಪರ್ಧೆಯಂಥವು ಇವೆ. ಅದರ ಸೈಕಲ್ ಹಂತ 90 ಕಿಲೋಮೀಟರ್. ಸ್ಪರ್ಧೆಯ ದಿನ ವಾಹನಗಳನ್ನು ತಡೆದು ಖಾಲಿ ಮಾಡಿಕೊಟ್ಟ ರಸ್ತೆಯದು. ಅಂಥ ಜಾಡನ್ನು ಇಳಿಸಿಕೊಂಡು ಮಾಮೂಲಿ ಸೋಮವಾರ ಅದೇ ರಸ್ತೆಗೆ ಇಳಿದವರಿಗೆ ಸಿಗುವುದು ಬೇರೆಯೇ ಊರು. ಬಣ್ಣದ ಮಾರ್ಗಗಳು ಹುಟ್ಟುವುದು ಹೀಗೆ, ಬಿಡುವಿನ ಸವಾರರ ಭಾನುವಾರಗಳಿಂದ.

ಇದಕ್ಕೆ ಪರ್ಯಾಯ ಬಂದದ್ದು ಕಲ್ಲಿದ್ದಲು ಗಣಿಯಿಂದ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದ ಕೊನೆಯ ಗಣಿ ಮುಚ್ಚಿದ್ದು 1992ರಲ್ಲಿ. ಗಣಿ ಎಂಜಿನಿಯರ್ ಆಗಿದ್ದ ಹ್ಯೂಗೊ ಬೋಲೆನ್, ನೆಲದಡಿಯ ಸುರಂಗಗಳಲ್ಲಿ ಕೂಡುದಾರಿಗಳಿಗೆ ಸಂಖ್ಯೆ ಕೊಟ್ಟು ದಾರಿ ಹಿಡಿಯುವ ಕ್ರಮವನ್ನು ನೆಲದ ಮೇಲೆ ಸೈಕಲ್ಲಿಗೆ ಅಳವಡಿಸಿದರು. 1995ರಲ್ಲಿ ಅಲ್ಲಿ ಮೊದಲ ಜಾಲ ಬಂತು. ಆ ಪದ್ಧತಿಯಲ್ಲಿ ಮಾರ್ಗಕ್ಕೆ ಹೆಸರೂ ಇಲ್ಲ, ಬಣ್ಣವೂ ಇಲ್ಲ. ಪ್ರತಿ ಕೂಡುದಾರಿಗೆ ಒಂದು ಸಂಖ್ಯೆ. ಅಲ್ಲಿನ ಫಲಕದ ಮೇಲೆ ನೀವಿರುವ ಸಂಖ್ಯೆ, ಪಕ್ಕದ ಕೂಡುದಾರಿಗಳ ಸಂಖ್ಯೆ, ಅವುಗಳತ್ತ ಬಾಣ. ಹೊರಡುವಾಗ 12, 17, 31, 8 ಎಂದು ಚೀಟಿಯಲ್ಲಿ ಬರೆದುಕೊಂಡರೆ ಮುಗಿಯಿತು. ಇವತ್ತು ಫ್ಲಾಂಡರ್ಸ್, ನೆದರ್ಲೆಂಡ್ಸ್ ತುಂಬ ಇದೇ ಪದ್ಧತಿ. ಇದರ ಜಾಣತನ ಇರುವುದು ಒಂದೇ ಕಡೆ: ಎರಡು ಸಂಖ್ಯೆಗಳ ನಡುವಿನ ತುಂಡು ಹಾಳಾದರೆ ಆ ತುಂಡನ್ನಷ್ಟೇ ತೆಗೆದುಹಾಕಬಹುದು. ಉಳಿದ ಜಾಲ ಹಾಗೇ ನಿಲ್ಲುತ್ತದೆ. ತುದಿಯಿಂದ ತುದಿಗೆ ಮುಟ್ಟಿಸಬೇಕೆಂಬ ಹಟಕ್ಕೆ ಕೆಟ್ಟ ರಸ್ತೆಗೆ ಬಣ್ಣ ಬಳಿಯುವ ಅಗತ್ಯವೇ ಬೀಳುವುದಿಲ್ಲ.

ಗೋವಾದ ನೆಲ ಇಂಥ ಜಾಲಕ್ಕೆ ಹೇಳಿ ಮಾಡಿಸಿದಂತಿದೆ. 3,702 ಚದರ ಕಿಲೋಮೀಟರ್ ನಾಡು, ಹೊಳೆಗಳಿಂದ ಸೀಳಿಕೊಂಡ ತುಂಡುಗಳು, ತುಂಡಿನಿಂದ ತುಂಡಿಗೆ ನದಿ ಸಂಚಾರ ಇಲಾಖೆಯ ಫೆರಿಗಳು. ಪಣಜಿ–ಬೇತಿ, ರಿಬಂದರ್–ಚೋಡಣ, ಹಳೆ ಗೋವಾ–ದಿವಾಡಿ, ದಿವಾಡಿ–ನಾರ್ವೆ, ಕುಠ್ಠಾಳಿ–ಮಡಕೈ, ಕೇರಿ–ತೆರೆಖೋಲ. ಸೈಕಲ್ ಯಾವ ಕಡೆಯಿಂದ ಬಂದರೂ ಈ ಧಕ್ಕೆಗಳಲ್ಲಿ ಬಂದು ಕೂಡಲೇಬೇಕು; ಭೂಗೋಳವೇ ಗೊತ್ತುಮಾಡಿದ ಕೂಡುದಾರಿಗಳಿವು. 1986ರ ಜುಲೈ 5ರಂದು ಮಾಂಡೋವಿಯ ಸೇತುವೆ ಕುಸಿದುಬಿದ್ದಾಗ ಪಣಜಿಯನ್ನೂ ಆಚೆ ದಡವನ್ನೂ ಮತ್ತೆ ಬೆಸೆದದ್ದು ಫೆರಿಗಳೇ. ಅಲ್ಲಿಂದಾಚೆಗೆ ಸೇತುವೆಗಳು ಬಂದವು, ಫೆರಿಗಳ ಮಾತು ಕೆಳದನಿಗೆ ಇಳಿಯಿತು. ಆದರೆ ಸೈಕಲ್ಲಿಗೆ ಲೆಕ್ಕ ಬೇರೆ. ಹೆದ್ದಾರಿ ಸೇತುವೆಯ ಏರು, ಗಾಳಿ, ಬಸ್ಸುಗಳ ನುಗ್ಗಾಟಕ್ಕಿಂತ ಐದು ಹತ್ತು ನಿಮಿಷದ ಫೆರಿ ಎಷ್ಟೋ ಮೇಲು. ರಿಬಂದರಿಗೆ ಹೋಗಲು 1630ರ ದಶಕದ, ಮೂರು ಕಿಲೋಮೀಟರಿಗೂ ಉದ್ದದ ಲಿನ್ಯಾರೆಸ್ ಕಟ್ಟೆರಸ್ತೆ ಇದೆ. ಸಮತಟ್ಟು, ಎರಡೂ ಕಡೆ ನೀರು, ಉಪ್ಪಿನಾಗರ. ಆ ರಸ್ತೆಯ ತುದಿಯಲ್ಲಿ ಒಂದು ಫೆರಿ, ಅದರಾಚೆ ಒಂದು ನಡುಗಡ್ಡೆ, ಅದರಾಚೆ ಇನ್ನೊಂದು ಫೆರಿ. ಇದನ್ನು 'ಮಾರ್ಗ ಒಂದು' ಎಂದು ಕರೆದರೆ ನಡುವಿನ ಒಂದು ಫೆರಿ ನಿಂತ ದಿನ ಇಡೀ ಮಾರ್ಗ ಸುಳ್ಳಾಗುತ್ತದೆ. ಧಕ್ಕೆಗೆ ಸಂಖ್ಯೆ ಇದ್ದರೆ, ಆ ದಿನ ಕಟ್ಟಾಗಿರುವುದು ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯ ತನಕದ ತುಂಡು ಮಾತ್ರ ಎಂದು ಎಲ್ಲರಿಗೂ ತಿಳಿಯುತ್ತದೆ. ಮೂರು ಕೇರಿಗಳ ಗೊಂದಲವೂ ಅಲ್ಲಿಗೆ ಮುಗಿಯುತ್ತದೆ. ಅಂಕಿಯನ್ನು ಕೊಂಕಣಿಯವರೂ ಓದುತ್ತಾರೆ, ರಷ್ಯಾದ ಪ್ರವಾಸಿಯೂ ಓದುತ್ತಾನೆ, ಕೊಪ್ಪಳದಿಂದ ಹೋದ ಗಾರೆ ಕೆಲಸದವನೂ ಓದುತ್ತಾನೆ.

ಮೊಬೈಲಿನಲ್ಲಿ ಹೆಣ್ಣುದನಿ ಎಡಕ್ಕೆ ಬಲಕ್ಕೆ ಎಂದು ಹೇಳುತ್ತಿರುವಾಗ ಫಲಕ, ಚಿಹ್ನೆ, ಸಂಖ್ಯೆಗಳ ಗೋಜು ಯಾಕೆ ಎಂದು ಕೇಳುವವರಿದ್ದಾರೆ. ಆ ದನಿ ಯಾರಿಗಾಗಿ ಲೆಕ್ಕ ಹಾಕುತ್ತದೆ ಎಂಬುದನ್ನು ನೋಡಬೇಕು. ಗೂಗಲ್ 2017ರ ಡಿಸೆಂಬರಿನಲ್ಲಿ ಭಾರತಕ್ಕಾಗಿ ತಂದ ದ್ವಿಚಕ್ರ ವಾಹನದ ದಾರಿ ಬೈಕು, ಸ್ಕೂಟರುಗಳಿಗೆ. ಅದನ್ನು ಸೈಕಲ್ಲಿಗೆ ಬಳಸಿದರೆ ಹೊತ್ತಿನ ಲೆಕ್ಕವೂ ತಪ್ಪು, ಏರಿನ ಲೆಕ್ಕವೂ ತಪ್ಪು. ನೆಟ್‌ವರ್ಕ್ ಸಿಗದ ಘಾಟಿನಲ್ಲಿ, ಮಳೆ ಹೊಯ್ಯುವಾಗ ಮೊಬೈಲ್ ಹೊರತೆಗೆಯಲಾಗದ ಜುಲೈಯಲ್ಲಿ ಕಂಬದ ಮೇಲಿನ ಅಂಕಿ ಹಾಗೇ ನಿಂತಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದನಿ ಹೇಳುವುದು ಮುಂದಿನ ತಿರುವನ್ನು ಮಾತ್ರ; ತಿರುವು ತಪ್ಪೆಂದು ಅನುಮಾನ ಬಂದವನಿಗೆ ತಾನೆಲ್ಲಿದ್ದೇನೆಂದು ತಿಳಿಯಲು ನೆಲದ ಮೇಲೊಂದು ಸಾಕ್ಷಿ ಬೇಕು. ಎರಡೂ ಒಂದಕ್ಕೊಂದು ಶತ್ರುವಲ್ಲ ಎನ್ನುವುದನ್ನೂ ಹೇಳಬೇಕು. ಧಕ್ಕೆಯ ಸಂಖ್ಯೆಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಲು ಬೇಕಾದ ಜಾಗ ಅಲ್ಲಿ ಆಗಲೇ ಇದೆ, ಬೆಲ್ಜಿಯಂನವರ ಸಂಖ್ಯೆಗಳು ಅಲ್ಲಿ ಸಣ್ಣ ವೃತ್ತಗಳಾಗಿ ಕೂತಿವೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ದಿವಾಡಿ, ಚೋಡಣ ನಡುಗಡ್ಡೆಗಳಲ್ಲಿ ಸಂಖ್ಯೆಯ ಫಲಕ ನೆಟ್ಟರೆ ಜನ ಹಿಂಡುಹಿಂಡಾಗಿ ಬರುತ್ತಾರೆ, ಖಾಜನ್ ಬದುಗಳು ಚಕ್ರಕ್ಕೆ ಸಿಕ್ಕಿ ಸವೆಯುತ್ತವೆ, ಚೋಡಣದ ಸಲೀಂ ಅಲಿ ಪಕ್ಷಿಧಾಮದ ನೆಮ್ಮದಿ ಕೆಡುತ್ತದೆ ಎಂಬ ಭಯ. ಗೋವಾದ ಹಳ್ಳಿಗರು ಪ್ರವಾಸೋದ್ಯಮದಿಂದ ಕಂಡದ್ದನ್ನು ನೆನೆದರೆ ಈ ಭಯವನ್ನು ತಳ್ಳಿಹಾಕುವಂತಿಲ್ಲ. ಬದುಗಳು ಯಾರೂ ಹೇಳಕೇಳದ ಸಾರ್ವಜನಿಕ ರಸ್ತೆಗಳಲ್ಲ. ಹಿಂದೆ ಗಾಂವಕಾರಿ ಎಂಬ ಊರಿನ ಸಮುದಾಯ ಸಂಘಗಳು, ಈಗ ಗೇಣಿದಾರರ ಸಂಘಗಳು ನೋಡಿಕೊಳ್ಳುವ ಬೇಸಾಯದ ಕಟ್ಟೋಣ. ಆದರೆ ಸದ್ಯದ ಸ್ಥಿತಿಯಲ್ಲಿ ಬದುವಿನ ದಾರಿ ಯಾರೋ ಎಳೆದ ಕಂದು ಗೆರೆಯಾಗಿ ಎಲ್ಲರ ಮೊಬೈಲಿನಲ್ಲೂ ಆಗಲೇ ಇದೆ, ಹೋಗಬಾರದೆಂದು ಹೇಳುವ ಗುರುತೇ ಇಲ್ಲ. ಸಂಖ್ಯೆಯ ಜಾಲದಲ್ಲಿ ಯಾವ ತುಂಡನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂದು ಗ್ರಾಮಸಭೆ ತೀರ್ಮಾನಿಸಬಹುದು. ಬದುವನ್ನು ಬಿಟ್ಟು ಊರಿನ ಡಾಂಬರು ರಸ್ತೆಯ ಮೇಲೇ ಎರಡು ಧಕ್ಕೆಗಳನ್ನು ಬೆಸೆದರೆ ಸವಾರರಲ್ಲಿ ಹೆಚ್ಚಿನವರು ಫಲಕದ ಬಾಣವನ್ನೇ ಹಿಡಿದು ಹೋಗುತ್ತಾರೆ. ಎಲ್ಲರೂ ಅಲ್ಲ, ಒಪ್ಪಬೇಕು. ಏನೂ ಹೇಳದ ನಕ್ಷೆಗಿಂತ ಅದು ವಾಸಿ.

ಮೊದಲು ರಸ್ತೆ ಸರಿಮಾಡಿ, ಸೈಕಲ್ ಪಥ ಕಟ್ಟಿ, ಆಮೇಲೆ ನಕ್ಷೆಯ ಮಾತು ಎನ್ನುವವರಿಗೆ ಬೆಂಗಳೂರು ಒಂದು ಉತ್ತರ ಕೊಟ್ಟಿದೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಗೂಟ ನೆಟ್ಟು ಮಾಡಿದ ಸೈಕಲ್ ಪಥದೊಳಗೆ ಬೈಕುಗಳು ನುಗ್ಗಿದವು, ಗೂಟಗಳು ಮುರಿದವು. ಕಟ್ಟಿದ್ದಷ್ಟೇ ಸಾಕಾಗುವುದಿಲ್ಲ, ಅದು ಯಾವ ಜಾಗದಿಂದ ಯಾವ ಜಾಗಕ್ಕೆ ಎಂಬುದು ಬಳಸುವವರ ತಲೆಯಲ್ಲಿ ಕೂರಬೇಕು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ ಟ್ರಿಣ್ ಟ್ರಿಣ್ ಎಂಬ ಸೈಕಲ್ ಹಂಚಿಕೆ ಯೋಜನೆ ಪ್ರತ್ಯೇಕ ಪಥಗಳಿಗಾಗಿ ಕಾಯಲಿಲ್ಲ. 48 ನಿಲ್ದಾಣ, 450 ಸೈಕಲ್ ಇಟ್ಟುಕೊಂಡು ಹೊರಟಿತು. ಜನ ನಿಲ್ದಾಣದಿಂದ ನಿಲ್ದಾಣಕ್ಕೆ ಯೋಚಿಸಿದರು, ನಡುವಿನ ದಾರಿಯನ್ನು ತಾವೇ ಆರಿಸಿಕೊಂಡರು. ಗೋವಾದಲ್ಲಿ ಹಳ್ಳಿ ರಸ್ತೆಗಳು ಈಗಾಗಲೇ ಇವೆ, ಬಹುಪಾಲು ಡಾಂಬರು ಕಂಡಿವೆ, ಫೆರಿಗಳು ಓಡುತ್ತಿವೆ, ಪಾದಚಾರಿಗಳು ಕಾಸು ಕೊಡದೆ ಅವನ್ನು ಹತ್ತುತ್ತಾರೆ. ಇಲ್ಲದಿರುವುದು ಕಂಬ, ತಗಡು, ಬಣ್ಣ.

ಶುರುಮಾಡಲು ಪಣಜಿಯಿರುವ ತಿಸವಾಡಿ ತಾಲ್ಲೂಕು, ಅದರೆದುರಿನ ದಡಗಳು ಸಾಕು: ಬೇತಿ, ಪಣಜಿ, ರಿಬಂದರ್, ಹಳೆ ಗೋವಾ, ಚೋಡಣ, ದಿವಾಡಿ, ನಾರ್ವೆಯ ಧಕ್ಕೆಗಳು, ನಡುಗಡ್ಡೆಗಳೊಳಗಿನ ನಾಲ್ಕೈದು ಕೂಡುರಸ್ತೆಗಳು. ಫಲಕದ ಮೇಲೆ ದೊಡ್ಡ ಅಂಕಿ. ಪಕ್ಕದ ಸಂಖ್ಯೆಗಳಿಗೆ ಬಾಣ, ದೂರ. ನೆಲಕ್ಕೆ ಒಂದು ಗುರುತು, ಡಾಂಬರೋ ಮಣ್ಣೋ. ಮಳೆಗಾಲದಲ್ಲಿ ಮುಚ್ಚುವ ತುಂಡಾದರೆ ಒಂದು ಕೊಡೆಯ ಚಿತ್ರ. ಸೈಕಲ್ಲಿಗೆ ನಿಷೇಧವಿರುವ ಸೇತುವೆ ಹತ್ತಿರವಿದ್ದರೆ ರಸ್ತೆ ಕಾಂಗ್ರೆಸ್ಸಿನ ಅದೇ ಕೆಂಪು ವೃತ್ತ, ಹೊಸದೇನೂ ಕಂಡುಹಿಡಿಯುವುದು ಬೇಡ. ಕೊನೆಯ ಫೆರಿಯ ಹೊತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಫಲಕವನ್ನು ಯಾವ ಕಚೇರಿ ನೆಟ್ಟಿತು, ಕೊನೆಯ ಸಲ ಯಾವ ತಿಂಗಳು ಪರಿಶೀಲಿಸಿತು ಎಂಬ ಎರಡು ಸಾಲು. ಧಕ್ಕೆಯ ಫಲಕ ನದಿ ಸಂಚಾರ ಇಲಾಖೆಯ ಹೊಣೆ, ರಸ್ತೆಯದು ಲೋಕೋಪಯೋಗಿ ಇಲಾಖೆ ಮತ್ತು ಪಂಚಾಯಿತಿಯದು. ಮಳೆ ನಿಂತ ಮೇಲೆ ರಸ್ತೆಯ ಗುಂಡಿ ಮುಚ್ಚುವ ಕೆಲಸಕ್ಕೆ ಪ್ರತಿ ವರ್ಷ ಹೇಗೂ ಜನ ಹೊರಡುತ್ತಾರೆ. ಅದೇ ಕಾಮಗಾರಿಯ ಪಟ್ಟಿಯ ಕೊನೆಗೆ ಈ ಹತ್ತು ಹನ್ನೆರಡು ಕಂಬಗಳನ್ನು ಸೇರಿಸಿ ಬರುವ ಚಳಿಗಾಲದೊಳಗೆ ನೆಟ್ಟುಬಿಡಬಹುದು.